ಸೊಂಟದ ಪುಟದಲ್ಲಿ ಆರು ನಿಮಿಷ

ನಮ್ಮ ಹೊಲಿಗೆ ಅಂಗಡಿಯ ಯಜಮಾನರು ಅಳಿಯನ ಮಾತು ಕೇಳಿ ವೆಬ್‌ಸೈಟ್ ಮಾಡಿಸಿದರು. ಜನ ಮನೆಯಲ್ಲೇ ಕೂತು ಬಟ್ಟೆ, ಬಣ್ಣ ಆರಿಸಿ, ತಮ್ಮ ಅಳತೆ ತಾವೇ ತುಂಬಿದರೆ ಪ್ಯಾಂಟು ಬಾಗಿಲಿಗೆ ಬರುತ್ತದೆ ಎಂಬುದು ಏರ್ಪಾಡು. ದಿನಕ್ಕೆ ಇನ್ನೂರು ಮಂದಿ ಬಂದು ನೋಡುತ್ತಿದ್ದರು. ಹೊಲಿಸಿದವರು ಮಾತ್ರ ತಿಂಗಳಿಗೆ ಇಬ್ಬರು. ಅವರಲ್ಲೊಬ್ಬರು ಯಜಮಾನರ ತಮ್ಮ.

ಬಂದವರು ಎಲ್ಲಿ ಬಿಟ್ಟು ಹೋಗುತ್ತಾರೆಂದು ಪತ್ತೆ ಹಚ್ಚುವ ವಿದ್ಯೆಯೂ ಇದೆಯಂತೆ. ಯಾರು ಯಾವ ಪುಟಕ್ಕೆ ಬಂದರು, ಎಷ್ಟು ಹೊತ್ತು ನಿಂತರು, ಎಲ್ಲಿಂದ ಎದ್ದು ಹೋದರು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಆ ಅಳಿಯನನ್ನು ನಾವೆಲ್ಲ ಅಳಿಯಂದ್ರು ಎಂದೇ ಕರೆಯುತ್ತೇವೆ. ಅವರು ಇದನ್ನು ಕಲಿತಿದ್ದರು. ಇಸ್ತ್ರಿ ಮೇಜಿನ ಪಕ್ಕದ ಗೋಡೆಗೆ ದಿನವೂ ಒಂದು ಗ್ರಾಫು ಅಂಟಿಸುತ್ತಿದ್ದರು.

ಮೊದಲ ವಾರ ಗುಂಡಿಯ ಬಣ್ಣ ಸರಿಯಿಲ್ಲ ಎಂದರು. ನಾನು ಪ್ಯಾಂಟಿಗೆ ಹಾಕುವ ಗುಂಡಿಯಲ್ಲ, ವೆಬ್‌ಸೈಟಿನಲ್ಲಿ ಒತ್ತುವ ಗುಂಡಿ. ಹಸಿರು ಹೋಗಿ ಕೆಂಪು ಬಂತು. ಎರಡನೆಯ ವಾರ ನಗುವ ಗಂಡಸೊಬ್ಬನ ಫೋಟೋ ಹಾಕಿದರು. ಅವನ ನಗು ನೋಡಿದರೆ ಪ್ಯಾಂಟು ಅವನಿಗೂ ಬಿಗಿಯಾಗಿರುವಂತಿತ್ತು. ಮೂರನೆಯ ವಾರ ನಿಜವಾದ ಜಾಗ ಸಿಕ್ಕಿತು. ಇನ್ನೂರರಲ್ಲಿ ನೂರ ನಲವತ್ತು ಮಂದಿ ಒಂದೇ ಪುಟದಲ್ಲಿ ಬಿಟ್ಟು ಹೋಗುತ್ತಿದ್ದರು. ಸೊಂಟದ ಸುತ್ತಳತೆ ಕೇಳುವ ಪುಟ. ಬಂದ ತಕ್ಷಣ ಹೋಗುತ್ತಲೂ ಇರಲಿಲ್ಲ, ಆರು ನಿಮಿಷ ಇದ್ದು ಹೋಗುತ್ತಿದ್ದರು.

"ವಿಷಯ ಕ್ಲಿಯರ್, ಮಾವ. ಜನ ಬಿಟ್ಟು ಹೋಗ್ತಿರೋದು ಅಳತೆ ವಿಭಾಗದಲ್ಲಿ. ಅಳತೆ ವಿಭಾಗ ಯಾರದು?"

ಎಲ್ಲರೂ ಕಟಿಂಗ್ ಮಾಸ್ಟ್ರ ಕಡೆ ತಿರುಗಿದೆವು. ಮೂವತ್ತೊಂದು ವರ್ಷದಿಂದ ಅಂಗಡಿಯ ಟೇಪು ಅವರ ಕೊರಳಲ್ಲೇ ಇದೆ. ಆ ವೆಬ್‌ಸೈಟನ್ನು ಅವರು ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೂ ಜನ ಓಡುತ್ತಿರುವುದು ಅವರಿಂದಲೇ ಎಂದು ಗ್ರಾಫು ಹೇಳಿತ್ತು. ಸೋಮವಾರದಿಂದ ಅಳತೆ ಕೋಣೆ ಮುಚ್ಚಿ, ರೆಡಿಮೇಡ್ ತಂದು ಮಾರೋಣ, ಮಾಸ್ಟ್ರು ಮನೆಯಲ್ಲಿ ಆರಾಮಾಗಿರಲಿ ಎಂದರು ಅಳಿಯಂದ್ರು. ಯಜಮಾನರು ಕತ್ತು ಕೆರೆದುಕೊಂಡರು. ಅಳಿಯನಿಗೆ ಎದುರಾಡಿದವರಲ್ಲ ಅವರು.

ಮಾಸ್ಟ್ರು ಕತ್ತರಿ ಕೆಳಗಿಟ್ಟರು.

"ಆರು ನಿಮಿಷ ಅಂದ್ರಲ್ಲ ಅಳಿಯಂದ್ರೇ, ಅಷ್ಟೊತ್ತು ಏನ್ ಮಾಡ್ತಾರೆ ಅಂತ ಅದು ಹೇಳುತ್ತಾ?"

"ಅದೆಲ್ಲ ಹೇಳಲ್ಲ. ಪೇಜು ನಿಧಾನ ಇರ್ಬೇಕು."

"ಪೇಜಲ್ಲ. ಎರಡು ನಿಮಿಷ ಟೇಪು ಹುಡುಕ್ತಾರೆ. ಅಳೀತಾರೆ. ಟೇಪೇ ಸರಿಯಿಲ್ಲ ಅನ್ಸುತ್ತೆ. ಉಸಿರು ಬಿಗಿಹಿಡಿದು ಇನ್ನೊಂದ್ಸಲ ಅಳೀತಾರೆ. ಅಷ್ಟೊತ್ತಿಗೆ ಹೆಂಡ್ತಿ ಬಂದು ಏನ್ರೀ ಮಾಡ್ತಿದ್ದೀರಿ ಅಂತಾಳೆ. ಅಲ್ಲಿಗೆ ಮುಗೀತು."

ನನಗೆ ನಗು ತಡೆಯಲಾಗದೆ ಸೂಜಿ ಬೆರಳಿಗೆ ಚುಚ್ಚಿತು. ಮಾಸ್ಟ್ರು ಹೇಳಿದ್ದು ನಿಜ. ಅವರು ಉದ್ದ, ತೊಡೆ, ಮಂಡಿ ಎಲ್ಲ ಕೂಗಿ ಹೇಳುತ್ತಾರೆ, ಗುಂಡಿ, ಕಾಜ ಹೊಲಿಯುವ ನಾನು ಬರೆದುಕೊಳ್ಳುತ್ತೇನೆ. ಸೊಂಟ ಬಂದಾಗ ಮಾತ್ರ ಕೆಮ್ಮಿ, ಪುಸ್ತಕ ಇಸಿದುಕೊಂಡು ತಾವೇ ಬರೆಯುತ್ತಾರೆ. ನಾನು ಕಂಡಂತೆ ಹತ್ತೊಂಬತ್ತು ವರ್ಷದಲ್ಲಿ ಒಬ್ಬರ ಸೊಂಟವೂ ಇನ್ನೊಬ್ಬರ ಕಿವಿಗೆ ಬಿದ್ದಿಲ್ಲ.

"ಇದೆಲ್ಲ ಊಹೆ. ಒಂದು ಅಂಕಿ ತುಂಬೋದು ಏನ್ ಮಹಾ? ನೋಡಿ, ನಾನೇ ತುಂಬ್ತೀನಿ," ಎಂದು ಅಳಿಯಂದ್ರು ಲ್ಯಾಪ್‌ಟಾಪ್ ಬಿಚ್ಚಿದರು. ಬಟ್ಟೆ ಆಯಿತು, ಬಣ್ಣ ಆಯಿತು, ಉದ್ದ ಆಯಿತು. ಸೊಂಟಕ್ಕೆ ಬಂದಾಗ ಮೂವತ್ತೆರಡು ಎಂದು ಒತ್ತಿದರು.

ಗಂಡನನ್ನು ಕರೆದೊಯ್ಯಲು ಬಂದಿದ್ದ ಯಜಮಾನರ ಮಗಳು ಹಿಂದೆ ನಿಂತು ಬಗ್ಗಿ ನೋಡಿದಳು. "ರೀ, ಅದು ಯಾರ ಸೊಂಟ?"

"ನಂದೇ."

"ಯಾವ ವರ್ಷದ್ದು?"

ಮಾಸ್ಟ್ರು ಕೊರಳಿನ ಟೇಪು ತೆಗೆದು, ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಚಾಚಿದರು. ಅಳಿಯಂದ್ರು ಅದನ್ನು ತೆಗೆದುಕೊಂಡು ಅಳತೆ ಕೋಣೆಗೆ ಹೋಗಿ ಪರದೆ ಎಳೆದುಕೊಂಡರು. ಒಳಗಿನಿಂದ ಉಸಿರು ಎಳೆದುಕೊಂಡ ಸದ್ದು ಬಂತು. ಸ್ವಲ್ಪ ಹೊತ್ತಾದ ಮೇಲೆ ಇನ್ನೂ ಜೋರಾಗಿ ಇನ್ನೊಂದು. ಹೊರಬಂದವರೇ ಅರ್ಜೆಂಟ್ ಫೋನಿದೆ ಎಂದು ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟರು.

ಯಜಮಾನರು ಗೋಡೆಯ ಗಡಿಯಾರ ನೋಡಿ, "ಆರೂ ಮುಕ್ಕಾಲು ನಿಮಿಷ," ಎಂದರು.

ಮರುದಿನದ ಗ್ರಾಫಿನಲ್ಲಿ ಸೊಂಟದ ಪುಟದಿಂದ ಹೋದವರು ನೂರ ನಲವತ್ತೊಂದು.

"ಈಗೇನ್ ಮಾಡೋದು ಮಾಸ್ಟ್ರೇ?" ಎಂದು ಕೇಳಿದರು ಯಜಮಾನರು.

"ಅಂಕಿ ಕೇಳೋದು ಬೇಡ. ಅವರಿಗೆ ಹಿತವಾಗಿರೋ ಒಂದು ಹಳೇ ಪ್ಯಾಂಟು ಕಳಿಸಿಕೊಡ್ಲಿ. ನಾನು ಪ್ಯಾಂಟನ್ನೇ ಕೇಳ್ಕೋತೀನಿ. ಅದಕ್ಕೆ ನಾಚಿಕೆ ಇರಲ್ಲ."

ಯಜಮಾನರು ಇದನ್ನು ಮಗಳಿಗೆ ಹೇಳಿದರು, ಮಗಳು ಗಂಡನಿಗೆ ಹೇಳಿದಳು, ಗಂಡ ಅದನ್ನು ತಾನೇ ಕಂಡುಹಿಡಿದು ವೆಬ್‌ಸೈಟಿಗೆ ಹಾಕಿದ. ಸೋಮವಾರ ಅಳತೆ ಕೋಣೆ ಮುಚ್ಚಲಿಲ್ಲ. ಬುಧವಾರ ಮೂರು ಪಾರ್ಸೆಲ್ ಬಂದವು, ಮುಂದಿನ ವಾರ ಹದಿನೇಳು. ತಿಂಗಳ ಕೊನೆಗೆ ಅಳಿಯಂದ್ರು ಹೊಸ ಗ್ರಾಫು ತಂದರು. ಸೊಂಟದ ಪುಟದಿಂದ ಬಿಟ್ಟು ಹೋದವರು ಸೊನ್ನೆ. ಪುಟವೇ ಇರಲಿಲ್ಲವಲ್ಲ. ವರ್ತಕರ ಸಂಘದವರು ಈ ಸಾಧನೆಯ ಬಗ್ಗೆ ಅವರಿಂದ ಭಾಷಣ ಮಾಡಿಸಿ ಶಾಲು ಹೊದಿಸಿದರಂತೆ.

ಶಾಲು ಬಂದ ಮರುದಿನವೇ ಇನ್ನೊಂದು ಗ್ರಾಫು ಬಂತು. "ಮಾವ, ಈಗ ಎಲ್ಲ ಆರ್ಡರೂ ಒಂದೇ ಜಾಗದಲ್ಲಿ ತಡವಾಗ್ತಿದೆ. ಮಾಸ್ಟ್ರ ಮೇಜಲ್ಲಿ. ಈ ಮೇಜಿನ ಬಗ್ಗೆ ಏನಾದ್ರೂ ಯೋಚನೆ ಮಾಡ್ಬೇಕು."

ಮಾಸ್ಟ್ರು ತಲೆ ಎತ್ತಲಿಲ್ಲ, ಕತ್ತರಿ ಮಾತ್ರ ಅರ್ಧ ಬಟ್ಟೆಯಲ್ಲಿ ನಿಂತಿತು.

ಯಜಮಾನರು ಎದ್ದು ಬಂದರು. "ಯೋಚನೆ ಮಾಡಿದ್ದೀನಿ ಅಳಿಯಂದ್ರೇ. ಇಂಥದ್ದೇ ಇನ್ನೊಂದು ಮೇಜು ಮಾಡೋಕೆ ಹೇಳಿದ್ದೀನಿ. ಈ ಗೋಡೆಗೇ ಒತ್ತಿ ಹಾಕ್ಬೇಕು. ನಿಮ್ಮ ಗ್ರಾಫುಗಳನ್ನ ಸ್ವಲ್ಪ ಬಿಚ್ಚಿಕೊಳ್ಳಿ."

ಕತ್ತರಿ ಮತ್ತೆ ಮುಂದೆ ಹೋಯಿತು.