ಮೋನಪ್ಪನ ಕೈಗುಣ

ಕೊಲ್ಲಿ ನಾಡಿನ ಈ ಅಬ್ಬಾಸಿಯಾದಲ್ಲಿ ನಮ್ಮವರಲ್ಲಿ ಯಾರ ಕಾಲು ಉಳುಕಿದರೂ ಬರುವುದು ಮೋನಪ್ಪನ ಫ್ಲ್ಯಾಟಿಗೇ. ಊರಲ್ಲಿ ಕಬಡ್ಡಿ ಆಡಿ ಪಳಗಿದ ಕೈ ಅದು. ಬಿಸಿ ಎಣ್ಣೆ ಹಾಕಿ ನಾಲ್ಕು ಸಲ ನೀವಿದರೆ ಕುಂಟಿಕೊಂಡು ಬಂದವನು ನೆಟ್ಟಗೆ ನಡೆದುಕೊಂಡು ಹೋಗಬೇಕು. ಅಂಥವನು ಸ್ವಂತ ಮಗ ಅಖಿಲನ ಮೊಣಕಾಲಿನ ಮೇಲೆ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು ಕಂಡರೆ ಸುಮ್ಮನಿರುತ್ತಾನೆಯೇ? ದಿನಾ ಸಂಜೆ ಹೆಬ್ಬೆರಳು ಊರಿ ತಿಕ್ಕಿದ್ದೇ ತಿಕ್ಕಿದ್ದು. ಗಂಟು ಕರಗಲಿಲ್ಲ. ನೋವೇ ಇಲ್ಲದಿದ್ದದ್ದು ಊದಿಕೊಂಡು, ಹುಡುಗ ಹಲ್ಲು ಕಚ್ಚಿ ಮೆಟ್ಟಿಲು ಹತ್ತುವಂತಾಯಿತು.

ಎಕ್ಸ್‌ರೇ ನೋಡಿದ ಡಾಕ್ಟರ್ ನುಹಾ, "ಎಲುಬಿನಿಂದಲೇ ಕೊಂಬೆಯ ಹಾಗೆ ಬೆಳೆದಿದೆ. ಅಂಚು ಸ್ವಚ್ಛವಾಗಿದೆ, ಎಲುಬನ್ನು ತಿಂದಿಲ್ಲ. ಸಾಮಾನ್ಯವಾಗಿ ಇದು ನಿರಪಾಯ," ಎಂದರು. ಮೋನಪ್ಪನಿಗೆ ಹೋದ ಜೀವ ಬಂತು. "ಆದರೆ ಇಂಥದ್ದು ಹೊಸದಾಗಿ ಊದಿ ನೋಯತೊಡಗಿದರೆ ಕ್ಯಾನ್ಸರಿಗೆ ತಿರುಗಿದೆಯೋ ಎಂದು ನೋಡಲೇಬೇಕು. ಬಿದ್ದಿದ್ದನೇ? ಪೆಟ್ಟಾಗಿತ್ತೇ?"

"ಇಲ್ಲ ಡಾಕ್ಟರ್, ಏನೂ ಇಲ್ಲ," ಎಂದ ಮೋನಪ್ಪ. ಮದ್ದನ್ನು ಯಾರಾದರೂ ಪೆಟ್ಟು ಅನ್ನುತ್ತಾರೆಯೇ? ಅಖಿಲ್ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದ.

ಎಂಆರ್‌ಐ ಆಯಿತು. ವರದಿ ಬರುವವರೆಗೆ ಹೆಂಡತಿ ಆಶಾಲತಾ ಊರಿನ ದೈವಗಳಿಗೆಲ್ಲ ಹರಕೆ ಹೊತ್ತಳು. ಮೋನಪ್ಪನಿಗೆ ಗೊತ್ತಿದ್ದದ್ದು ಒಂದೇ. ಎಣ್ಣೆ ಬಿಸಿ ಮಾಡಿ, ಕಣ್ಣೊರೆಸಿಕೊಂಡು, ಇನ್ನಷ್ಟು ಗಟ್ಟಿಯಾಗಿ ತಿಕ್ಕಿದ.

"ಪಪ್ಪಾ, ಪ್ಲೀಸ್, ಸ್ಟಾಪ್!" ಅಖಿಲ್ ಅತ್ತೇಬಿಟ್ಟ. "ನೀವು ತಿಕ್ಕಿದ ಮೇಲೆಯೇ ನೋವು ಶುರುವಾದದ್ದು. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ."

ಅಯ್ಯೋ ದೇವರೇ! ಮೋನಪ್ಪನ ಕೈ ಅಲ್ಲೇ ನಿಂತಿತು. ಊರವರೆಲ್ಲ ಹೊಗಳಿದ ಆ ಕೈಯನ್ನು ಎಲ್ಲಿ ಇಡುವುದೆಂದೇ ಅವನಿಗೆ ತಿಳಿಯಲಿಲ್ಲ.

ಮರುದಿನ ಡಾಕ್ಟರ್ ವರದಿ ತೆರೆಯುವ ಮೊದಲೇ ಎರಡೂ ಕೈ ಮುಂದೆ ಚಾಚಿದ. "ಡಾಕ್ಟರ್, ಅವತ್ತು ಹೇಳದೆ ಹೋದೆ. ದಿನಾ ತಿಕ್ಕಿದವನು ನಾನೇ. ಈ ಕೈಯಲ್ಲೇ ಮಗನನ್ನು ಹಾಳು ಮಾಡಿದೆ."

ನುಹಾ ಚಿತ್ರಗಳನ್ನು ನಿಧಾನವಾಗಿ ನೋಡಿದರು. "ಹಾಗಾದರೆ ಸರಿಹೋಯಿತು. ಗಂಟಿನ ತುದಿಯ ಮೆದು ಎಲುಬಿನ ಪದರ ತೆಳ್ಳಗೇ ಇದೆ, ಕೆಟ್ಟದ್ದಾಗಿದ್ದರೆ ದಪ್ಪಗಾಗಿರುತ್ತಿತ್ತು. ಕ್ಯಾನ್ಸರ್ ಅಲ್ಲ. ತಿಕ್ಕಿ ತಿಕ್ಕಿ ಅದರ ಮೇಲೆ ನೀರು ತುಂಬಿದೆ, ಅಷ್ಟೇ. ಆಗಾಗ ತೋರಿಸುತ್ತಿರಿ. ಕೈ ಮಾತ್ರ ಹಾಕಬೇಡಿ!"

ಮೋನಪ್ಪ ಆ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಆ ಸಂಜೆ ನೆರೆಯ ಮೊಯ್ದೀನ್ ಕುಂಞಿ ಕುಂಟುತ್ತಾ ಬಂದು ಕಾಲು ಚಾಚಿದ. ಮೋನಪ್ಪ ಎಣ್ಣೆಯ ಬಾಟಲಿ ಮುಟ್ಟಲಿಲ್ಲ. ಕಾರಿನ ಕೀ ತೆಗೆದುಕೊಂಡ.

"ಯಲ್ಲಾ, ಏಳು ಮಾರಾಯ. ಮೊದಲು ಎಕ್ಸ್‌ರೇ."

ಸೋಫಾದಲ್ಲಿದ್ದ ಅಖಿಲ್, ಎಷ್ಟೋ ದಿನಗಳ ಮೇಲೆ, ಹೊಟ್ಟೆ ತುಂಬ ನಕ್ಕ.