ಒಂದೂವರೆಯ ಊಟ

ಟೈಲರಮ್ಮ ಆ ಊರಿಗೆ ಬಂದದ್ದು ಊರು ನೋಡುವುದಕ್ಕಲ್ಲ. ಹಳೇ ಸಂಗೀತದ ಜಾಗಗಳನ್ನೂ ಹಳೇ ಹೋಟೆಲುಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿಸಿ ತೋರಿಸುವ ಗುಂಪಿಗೆ ಹೆಸರು ಕೊಟ್ಟಿದ್ದಳು, ನಿಜ. ಆದರೆ ಉಳಿದ ಹನ್ನೊಂದು ಜನ ಕಂಡಕಂಡಲ್ಲಿ ಫೋಟೋ ತೆಗೆಯುತ್ತಿದ್ದರೆ, ಇವಳಿಗೆ ಬೇಕಾಗಿದ್ದದ್ದು ಒಂದೇ ಮಾತು: "ನಿಮ್ಮ ಯಜಮಾನರು ಅಂಥಾ ದೊಡ್ಡ ಕಲಾವಿದರೇನಲ್ಲ ಬಿಡಿ." ಅಷ್ಟು ಯಾರಾದರೂ ಹೇಳಿಬಿಟ್ಟರೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಹುದಿತ್ತು. ಸತ್ತ ಗಂಡನ ಬಗ್ಗೆ ಹೀಗೂ ಆಸೆಪಡುತ್ತಾರೆಯೇ ಅಂದಿರಾ? ಅವಳ ಸಂಕಟ ಕೇಳಿ, ಆಮೇಲೆ ಬೇಕಾದರೆ ಬಯ್ಯಿರಿ.

ಗಂಡ ಮದುವೆಗೆ ಮುಂಚೆ ಈ ಊರಿನ ರೇಡಿಯೋದಲ್ಲಿ ಎರಡು ವರ್ಷ ಕ್ಲಾರಿನೆಟ್ ನುಡಿಸಿದ್ದ. ಮದುವೆಯ ಮಾತು ಬಂದಾಗ ಇವಳು ಪಟ್ಟು ಹಿಡಿದಳು. "ಪೀಪಿ ಊದಿದ್ರೆ ಸಂಸಾರ ನಡಿಯತ್ತಾ? ಅದೋ ನಾನೋ, ಒಂದು ಹೇಳಿ." ಪುಣ್ಯಾತ್ಮ ಒಂದು ದಿನ ಯೋಚಿಸಿ, ಇವಳ ಊರಿಗೆ ಬಂದು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ. ವಾದ್ಯವನ್ನು ಮತ್ತೆ ಬಾಯಿಗಿಡಲಿಲ್ಲ. ಅದು ಹಳೇ ಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತು. ಅದರ ಪೆಟ್ಟಿಗೆ ಗಟ್ಟಿಮುಟ್ಟಾಗಿದೆಯೆಂದು ಇವಳು ದಾರದುಂಡೆ, ಗುಂಡಿ, ಕತ್ತರಿ ತುಂಬಿಸಿಕೊಂಡಳು. ನಲವತ್ತು ವರ್ಷ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೋದ ವರ್ಷ ಅವನು ತೀರಿಕೊಂಡ ಮೇಲೆ ಆ ಪೆಟ್ಟಿಗೆ ತೆರೆಯಲು ಇವಳಿಗೆ ಕೈ ಬರುತ್ತಿಲ್ಲ.

ಅವರಿಬ್ಬರಿಗೆ ಜಗಳವೆಂದರೆ ಒಂದೇ, ಊಟದ ಜಗಳ. ರಜೆಯ ದಿನ ಹನ್ನೆರಡೂವರೆಗೆಲ್ಲ ಇವಳು ತಟ್ಟೆ ಹಾಕುತ್ತಿದ್ದಳು. ಅವನು ಒಂದೂವರೆಯಾಗದೆ ತುತ್ತು ಎತ್ತುತ್ತಿರಲಿಲ್ಲ. ಮೊಣಕಾಲ ಮೇಲೆ ಬೆರಳು ಆಡಿಸುತ್ತಾ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ.

"ಬೇಯಿಸಿ ಹಾಕೋಳು ಅಂದ್ರೆ ನಿಮಗೆ ಇಷ್ಟು ಸದರಾನಾ? ಎಲ್ಲಾ ಆರಿಹೋಯ್ತು!" ಎಂದು ಇವಳು ಪಾತ್ರೆ ಕುಕ್ಕುತ್ತಿದ್ದಳು.

"ಆರಿದ್ರೇನಂತೆ," ಅನ್ನುತ್ತಿದ್ದ ಅವನು. ನಿವೃತ್ತಿಯಾದ ಮೇಲಂತೂ ದಿನವೂ ಇದೇ ಗೋಳು.

ಗೈಡ್ ಹುಡುಗಿ ಗುಂಪನ್ನು ರೇಡಿಯೋ ಕಟ್ಟಡದೊಳಕ್ಕೆ ಕರೆದುಕೊಂಡು ಹೋದಳು. ಟೇಪುಗಳನ್ನು ನೋಡಿಕೊಳ್ಳುವಾತನನ್ನು ಟೈಲರಮ್ಮ ಪಕ್ಕಕ್ಕೆ ಕರೆದು, ಗಂಡ ನುಡಿಸಿದ್ದು ಏನಾದರೂ ಇದೆಯೇ ಎಂದು ಕೇಳಿದಳು. ಅವನು ತಲೆಯಾಡಿಸಿದ. "ಆ ಕಾಲದ್ದು ಒಂದೂ ಉಳಿದಿಲ್ಲಮ್ಮ. ಒಂದು ಟೇಪಿನ ಮೇಲೇ ಮತ್ತೊಂದು ತುಂಬಿಸ್ತಿದ್ರು." ಸದ್ಯ, ಬಚಾವಾದೆ ಅನ್ನಿಸಿತು ಅವಳಿಗೆ. ಮರುಕ್ಷಣವೇ ಹೊಳೆಯಿತು: ಅವನು ನುಡಿಸಿದ್ದು ಇನ್ನು ಭೂಮಿಯ ಮೇಲೆ ಎಲ್ಲೂ ಇಲ್ಲ.

ಅಲ್ಲಿಂದ ಹಿಂದಿನ ಬೀದಿಯ ಹೋಟೆಲಿಗೆ ಬಂದಾಗ ಹನ್ನೆರಡೂವರೆ. ಆರೇ ಆರು ಮೇಜು, ಹೊಗೆ ಕುಡಿದ ಗೋಡೆ. ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಹೋಟೆಲಜ್ಜಿ. ಮೀನಿನ ಸಾರು, ಬ್ರೆಡ್ಡು ಬಂತು. ಎಲ್ಲರೂ ಸೊರಸೊರ ಕುಡಿಯತೊಡಗಿದರು. ಟೈಲರಮ್ಮ ಎದ್ದು ಹೋಗಿ, ಮದುವೆಯ ಫೋಟೋವನ್ನು ಅಜ್ಜಿಯ ಮುಂದೆ ಹಿಡಿದಳು.

"ಅಯ್ಯೋ, ನಮ್ಮ ಗಾಳಿರಾಯ! ಹಾಗೇ ಕರೀತಿದ್ದಿದ್ದು ನಾವು. ಪಕ್ಕದಲ್ಲಿರೋದು ನೀನೇನಾ ತಾಯಿ? ಹೇಗಿದ್ದಾನೆ?"

"ಹೋದ್ರಜ್ಜಿ. ಒಂದು ವರ್ಷ ಆಯ್ತು."

ಅಜ್ಜಿ ಫೋಟೋವನ್ನು ಸೆರಗಿನಿಂದ ಒರೆಸಿದಳು. "ಛೆ, ಒಳ್ಳೇ ಹುಡುಗ. ಪಿಟೀಲಿನವರು ಇದೇ ಹೊತ್ತಿಗೆ ಬಂದು ಕಂಠಪೂರ್ತಿ ತಿಂದು ಹೋಗ್ತಿದ್ರು. ಊದೋರು ತಿನ್ನೋ ಹಾಗಿಲ್ಲ, ಹೊಟ್ಟೆ ತುಂಬಿದ್ರೆ ಉಸಿರು ನಿಲ್ಲಲ್ವಂತೆ. ಒಂದು ಗಂಟೆಗೆ ರೇಡಿಯೋದಲ್ಲಿ ಶುರು, ಒಂದೂವರೆಗೆ ಮುಗೀತಿತ್ತು. ಅವನ ತಟ್ಟೆ ಮುಚ್ಚಿಡ್ತಿದ್ದೆ. ಹಸಿದ ಕರು ಓಡಿಬಂದ ಹಾಗೆ ಬರ್ತಿದ್ದ."

ಟೈಲರಮ್ಮ ಗಲ್ಲಾದ ಅಂಚು ಹಿಡಿದುಕೊಂಡಳು. ಒಂದೂವರೆ. ಮೆಟ್ಟಿಲು. ಮೊಣಕಾಲ ಮೇಲೆ ಬೆರಳು. ಅವನು ಸದರ ಮಾಡಿ ಕೂತಿರಲಿಲ್ಲ, ನುಡಿಸುತ್ತಿದ್ದ. ನಲವತ್ತು ವರ್ಷ ತಾನು ಪಾತ್ರೆ ಕುಕ್ಕಿದ್ದು ಆ ಹಾಡಿನ ನಡುವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಆದರೂ ಕೇಳಿಯೇಬಿಟ್ಟಳು. "ನಿಜ ಹೇಳಿ ಅಜ್ಜಿ. ಅಂಥಾ ಚೆನ್ನಾಗೇನೂ ನುಡಿಸ್ತಿರ್ಲಿಲ್ಲ, ಅಲ್ವಾ?"

"ನನಗೆ ರಾಗ ತಾಳ ಏನು ತಿಳಿಯತ್ತೆ? ರೇಡಿಯೋ ಅಗೋ, ಆ ಕಪಾಟಿನ ಮೇಲಿತ್ತು. ಪಿಟೀಲು ಬಂದ್ರೆ ಜನ ತಿಂತಾ ಕೇಳೋರು. ಇವನದು ಬಂದ್ರೆ ಚಮಚ ಕೆಳಗಿಟ್ಟುಬಿಡೋರು. ಮುಗಿಯೋ ಹೊತ್ತಿಗೆ ನನ್ನ ಸಾರೆಲ್ಲ ಆರಿಹೋಗಿರ್ತಿತ್ತು. ನಿನ್ನಿಂದಾನೇ ಕಣೋ ಅಂತ ಎಷ್ಟು ಬೈದಿದ್ದೀನಿ! 'ಆರಿದ್ರೇನಂತೆ ಅಕ್ಕಾ' ಅಂತ ನಗ್ತಿದ್ದ."

ಟೈಲರಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಅವಳ ಕೈ ಹಿಡಿದುಕೊಂಡಳು. ಆಮೇಲೆ ಟೈಲರಮ್ಮ ಮೂಗು ಒರೆಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು.

"ಊಟ ಮಾಡಿ ಆಂಟಿ, ಆರಿಹೋಗತ್ತೆ," ಎಂದಳು ಗೈಡ್ ಹುಡುಗಿ.

ಗೋಡೆಯ ಗಡಿಯಾರದಲ್ಲಿ ಆಗಷ್ಟೇ ಒಂದು ಗಂಟೆ.

"ಮುಚ್ಚಿಡಮ್ಮ. ಒಂದೂವರೆ ಆಗ್ಲಿ."

ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಬೆರಳನ್ನು ಹೇಗೆ ಆಡಿಸಬೇಕೋ ತಿಳಿಯಲಿಲ್ಲ. ಅವನು ನುಡಿಸಿದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ.