ಏಳನೇ ಪೀಸು

ಸೆಮಿನಾರ್ ಟಾಪಿಕ್ ಚೀಟಿ ಎತ್ತೋ ದಿನವೇ ತನ್ಮಯಿ ಬಸ್ ಮಿಸ್ ಮಾಡ್ಕೊಂಡ್ಲು. ಕೆಂಗೇರಿ ಕಡೆ ಕಾಲೇಜಿಗೆ ಓಡೋಡಿ ಹೋಗೋಷ್ಟರಲ್ಲಿ ರೋಬೋಟು, ಎಲೆಕ್ಟ್ರಿಕ್ ಕಾರು, ಡ್ರೋನು ಎಲ್ಲಾ ಖಾಲಿ. ಡಬ್ಬೀಲಿ ಒಂದೇ ಒಂದು ಚೀಟಿ ಬಿದ್ದಿತ್ತು. ಪ್ರಪಂಚದಲ್ಲಿ ಪ್ಯಾಸೆಂಜರ್ ವಿಮಾನಗಳು, ಬಿಸಿನೆಸ್ ಜೆಟ್‌ಗಳು ಎಷ್ಟು ಅಪಘಾತ ಆಗ್ತವೆ, ವರ್ಷ ವರ್ಷ ಅದು ಜಾಸ್ತಿ ಆಗ್ತಿದೆಯಾ, ಕಮ್ಮಿ ಆಗ್ತಿದೆಯಾ.

"ಒಳ್ಳೇ ಮಂಗಳಕರವಾದ ಟಾಪಿಕ್ಕು ಕಣೇ!" ಅಂತ ಸೌಂದರ್ಯಾ ಮನೆ ಗೇಟ್ ಹತ್ರ ನಿಂತು ಬೀದಿಗೆಲ್ಲಾ ಕೇಳೋ ಹಂಗೆ ನಕ್ಕಿದ್ಲು. ಸೌಂದರ್ಯಾ ಅಂದ್ರೆ ರೂಮ್‌ಮೇಟು. ಆ ಮನೇಲಿ ಅವಳ ನಗು ಕೇಳಿಸಿದ್ದು ಅದೇ ಕೊನೆ. ಮುಂದಿನ ವಾರ ಇಂಟರ್ನ್‌ಶಿಪ್ ಅಂತ ವೈಟ್‌ಫೀಲ್ಡಿಗೆ ಶಿಫ್ಟ್ ಆದ್ಲು. ಊರು ಅದೇ ಬೆಂಗಳೂರೇ, ಆದ್ರೆ ರೂಮಿರೋ ಶ್ರೀಗಂಧದ ಕಾವಲಿಂದ ವೈಟ್‌ಫೀಲ್ಡಿಗೆ ಹೋಗಿ ಬರೋದೂ ಒಂದೇ, ತನ್ಮಯಿ ತನ್ನೂರು ತಿಪಟೂರಿಗೆ ಹೋಗಿ ಬರೋದೂ ಒಂದೇ. ಮೊದಲು ದಿನಾ ಮೆಸೇಜು. ಆಮೇಲೆ ಬರೀ ನಗೋ ಮುಖ. ಆಮೇಲೆ ಅದೂ ಇಲ್ಲ.

ರೂಮು ಮೆಟ್ಟಿಲ ಕೆಳಗಿಂದು. ಎರಡು ಮಂಚ. ಒಂದರ ಮೇಲೆ ತನ್ಮಯಿ, ಇನ್ನೊಂದರ ಮೇಲೆ ಒಣಗಿದ ಬಟ್ಟೆ. ಲ್ಯಾಪ್‌ಟಾಪ್ ಕೆಟ್ಟು ಕೂತಿತ್ತು, ಹಂಗಾಗಿ ಇಡೀ ಸೆಮಿನಾರನ್ನ ಫೋನಲ್ಲೇ ಹೆಬ್ಬೆರಳಲ್ಲಿ ಕುಟ್ತಾ ಇದ್ಲು. ಒಂದಿನ ಮಧ್ಯಾಹ್ನ ಬೆಲ್ಲಾಯ್ತು. ಚಿಕ್ಕದಾಗಿ ಎರಡು ಸಲ. ಟ್ರಿಣ್, ಟ್ರಿಣ್.

ಮೇಲಿನ ಮನೆ ಮುನಿಯಣ್ಣ. ಅರವತ್ತಮೂರು ವರ್ಷ, ಗಿಡ್ಡ ಆಳು, ಜೇಬಲ್ಲಿ ಯಾವಾಗ್ಲೂ ಒಂದು ಪುಟ್ಟ ಟಾರ್ಚು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಲ್ಲಿ ಚೆಕ್ಕರ್ ಆಗಿದ್ದು ರಿಟೈರ್ ಆದೋರು. ಹೆಂಡ್ತಿ ಅಂಜನಮ್ಮ ಇನ್ನೂ ಗಾರ್ಮೆಂಟ್ಸಿಗೆ ಹೋಗ್ತಾರೆ, ಬರೋದು ಸಾಯಂಕಾಲ. ಅಲ್ಲೀವರೆಗೂ ಮುನಿಯಣ್ಣನಿಗೆ ಟಿವಿನೇ ಜೊತೆ. ತನ್ಮಯಿ ಅವ್ರನ್ನ ಕರೆಯೋದು "ಮುನಿಯಣ್ಣ ಅಂಕಲ್" ಅಂತ, ಅಣ್ಣಾನೂ ಅಂಕಲ್ಲೂ ಎರಡನ್ನೂ ಒಬ್ಬರ ತಲೆ ಮೇಲೇ ಹೊರಿಸಿ.

"ಏನಮ್ಮಾ, ವಿಮಾನ ಬೀಳೋದರ ಬಗ್ಗೆ ಓದ್ತಿದೀಯಂತೆ?"

"ಯಾರ್ ಹೇಳಿದ್ರು ಅಂಕಲ್?"

"ನಿನ್ ಫ್ರೆಂಡು ಹೇಳಿದ್ದು ಮಾಗಡಿ ರೋಡಿಗೇ ಕೇಳಿಸ್ತಲ್ಲ." ಕೈಯಲ್ಲಿ ಸ್ಟೀಲ್ ಫ್ಲಾಸ್ಕ್ ಇತ್ತು. "ಟೀ ತಂದಿದೀನಿ. ಟಿವೀಲಿ ಯಾವ್ದೋ ಒಂದು ತೋರಿಸ್ತಾವ್ರೆ, ಹೊರದೇಶದ್ದು. ಇತ್ತೀಚೆಗೆ ಜಾಸ್ತಿ ಬೀಳ್ತಾ ಇದಾವಾ?"

ತನ್ಮಯಿಗೆ ಖುಷಿ ಆಗೋಯ್ತು. ಮೂರು ದಿನದಿಂದ ಅವಳು ಮಾತಾಡಿದ್ದು ಹಾಲಿನ ಅಂಗಡಿಯವನ ಹತ್ರ ಮಾತ್ರ, ಅದೂ "ಅರ್ಧ ಲೀಟರ್ ಅಣ್ಣ" ಅಂತ ಅಷ್ಟೇ. ಬಟ್ಟೆ ಸರಿಸಿ ಖಾಲಿ ಮಂಚದ ಮೇಲೆ ಜಾಗ ಮಾಡಿಕೊಟ್ಲು. ಫೋನ್ ತಿರುಗಿಸಿ ಗ್ರಾಫ್ ತೋರಿಸಿದ್ಲು. ಎಡಗಡೆ ಬೆಟ್ಟದ ಹಂಗೆ ಎದ್ದಿರೋ ಗೆರೆ, ಬಲಗಡೆ ಬರ್ತಾ ಬರ್ತಾ ನೆಲ ಕಚ್ಚಿತ್ತು.

"ಇದು ಅರವತ್ತು ವರ್ಷದ ಹಿಂದೆ ಅಂಕಲ್. ಇದು ಈಗ. ಹತ್ತು ಲಕ್ಷ ಸಲ ಹಾರಿದ್ರೆ ಎಷ್ಟು ಅಪಘಾತ ಅಂತ ಲೆಕ್ಕ. ಒಂದೊಂದು ವರ್ಷ ಸ್ವಲ್ಪ ಮೇಲೆ ಏಳತ್ತೆ, ಆದ್ರೆ ಒಟ್ಟಾರೆ ನೋಡಿದ್ರೆ ಕೆಳಗೇ."

"ಟಿವೀಲಿ ನೋಡಿದ್ರೆ ದಿನಾ ಬೀಳೋ ಹಂಗಿದೆ?"

"ಬಿದ್ದಿದ್ದನ್ನ ತೋರಿಸ್ತಾರೆ. ಸರಿಯಾಗಿ ಇಳಿದಿದ್ದನ್ನ ಯಾರು ತೋರಿಸ್ತಾರೆ ಅಂಕಲ್?"

ಮುನಿಯಣ್ಣ ಆ ಮಾತಿಗೆ ತುಂಬಾ ಹೊತ್ತು ತಲೆ ಆಡಿಸಿದ್ರು. ಆಮೇಲೆ ಟೀ ಕುಡಿದು ಮುಗಿಸಿ, ಎದ್ದು ಹೋಗೋ ಹೊತ್ತಿಗೆ ಕೇಳಿದ್ರು. "ಪೀಸು ಸರಿಯಿಲ್ದೆ ಬಿದ್ದಿದ್ದು ಎಷ್ಟು? ಅಂದ್ರೆ ಬಿಡಿ ಭಾಗ. ಸಣ್ಣದು."

"ಕಮ್ಮಿ ಅಂಕಲ್. ಜಾಸ್ತಿ ಎಲ್ಲಾ ಇಳಿಯೋವಾಗ, ಏರೋವಾಗ ಆಗೋದು. ಬಿಸಿನೆಸ್ ಜೆಟ್ ಆದ್ರೆ ರನ್‌ವೇ ಬಿಟ್ಟು ಜಾರೋದೇ ಜಾಸ್ತಿ."

"ಕಮ್ಮಿ ಅಂದ್ರೆ ಇಲ್ಲ ಅಂತಲ್ಲವಲ್ಲ."

"ಇಲ್ಲವೇ ಇಲ್ಲ ಅಂತ ಹೇಳಕ್ಕಾಗಲ್ಲ."

"ಹ್ಞೂಂ," ಅಂದ್ರು. ಮೆಟ್ಟಿಲು ಹತ್ತಿ ಹೋದ್ರು. ಹದಿನೆಂಟು ಮೆಟ್ಟಿಲು, ಕೆಳಗೆ ಕೂತ್ರೆ ಒಂದೊಂದೂ ಕೇಳಿಸತ್ತೆ.

ಅವತ್ತಿಂದ ಅಭ್ಯಾಸ ಆಗೋಯ್ತು. ಪ್ರಪಂಚದ ಯಾವ ಮೂಲೇಲಿ ವಿಮಾನದ ಸುದ್ದಿ ಬಂದ್ರೂ ಟ್ರಿಣ್ ಟ್ರಿಣ್. ಸುದ್ದಿ ಇಲ್ದಿದ್ರೂ ವಾರಕ್ಕೆರಡು ಸಲ, "ಗೆರೆ ಕೆಳಗೇ ಇದೆಯೇನಮ್ಮಾ?" ಅಂತ. ಏನೋ ಆ ಗೆರೆ ಅವಳ ಮನೆ ನಾಯಿ, ರಾತ್ರೋರಾತ್ರಿ ತಪ್ಪಿಸ್ಕೊಂಡು ಹೋಗ್ಬಿಡತ್ತೆ ಅನ್ನೋ ಹಂಗೆ. ಅವ್ರು ಲೋಟದಲ್ಲಿ ಕುಡೀತಿದ್ರು, ಅವಳಿಗೆ ಫ್ಲಾಸ್ಕಿನ ಮುಚ್ಚಳದಲ್ಲಿ. ತನ್ಮಯಿ ಒಂದೊಂದ್ಸಲ ಬೇಕಂತ ಗ್ರಾಫು ಪೂರ್ತಿ ಮಾಡ್ತಾನೇ ಇರ್ಲಿಲ್ಲ. ಪೂರ್ತಿ ಆದ್ರೆ ಮುಂದಿನ ಸಲ ತೋರಿಸೋಕೆ ಏನಿರತ್ತೆ?

ಫೆಬ್ರವರಿ ಬಿಸಿಲು ಶುರುವಾದಾಗ ಒಂದಿನ ಮುನಿಯಣ್ಣ ಬಂದು ಕೂತ್ರು. ಟೀ ಬಗ್ಗಿಸ್ಲಿಲ್ಲ. ಪರ್ಸಿಂದ ಮಡಿಸಿ ಮಡಿಸಿ ಬಟ್ಟೆ ಥರ ಆಗಿದ್ದ ಒಂದು ಚೀಟಿ ತೆಗೆದ್ರು. ಅದರಲ್ಲೊಂದು ನಂಬರು, ಇಂಗ್ಲಿಷ್ ಅಕ್ಷರ ಸೇರಿ ಹನ್ನೊಂದು.

"ನಮ್ ಮುರುಗೇಶ್ ಸಾರ್ ವರ್ಕ್‌ಶಾಪಲ್ಲಿ ವಿಮಾನದ್ದೊಂದು ಬುಷ್ ಮಾಡ್ತಿದ್ವಿ ಕಣಮ್ಮ. ಕಿರುಬೆರಳಿಗೆ ಹಾಕೋ ಉಂಗುರದಷ್ಟು ಲೋಹದ ಬಳೆ, ಅದರ ತೂತೊಳಗೆ ಕಡ್ಡಿ ತಿರುಗತ್ತೆ. ಯಾವ ವಿಮಾನಕ್ಕೆ, ಎಲ್ಲಿಗೆ ಕೂರತ್ತೆ, ನಮಗ್ ಹೇಳಲ್ಲ. ನಂಬರ್ ಕೊಡ್ತಾರೆ, ಅಳತೆ ಕೊಡ್ತಾರೆ, ಅಷ್ಟೇ. ನನ್ ಕೆಲಸ ಗೇಜ್ ಹಾಕೋದು, ಅಂದ್ರೆ ಅಳತೆ ಕಡ್ಡಿ. ಗೇಜಿಗೆ ಎರಡು ತುದಿ. 'ಗೋ' ತುದಿ ತೂತೊಳಗೆ ಹೋಗ್ಬೇಕು. 'ನೋ-ಗೋ' ತುದಿ ಹೋಗ್ಬಾರ್ದು. ಹೋಯ್ತು ಅಂದ್ರೆ ತೂತು ದೊಡ್ದಾಗಿದೆ, ಪೀಸು ವೇಸ್ಟು. ಅದಕ್ಕೆ ಕೆಂಪು ಪೇಂಟಲ್ಲಿ ಬೊಟ್ಟಿಟ್ಟು ಬೇರೆ ತಟ್ಟೆಗೆ ಹಾಕೋದು."

"ಗೊತ್ತು ಅಂಕಲ್, ಲ್ಯಾಬಲ್ಲಿ ನೋಡಿದೀನಿ."

"ಹನ್ನೊಂದು ವರ್ಷದ ಹಿಂದೆ, ಆಯುಧ ಪೂಜೆ. ಮುನ್ನೂರು ಪೀಸು ಚೆಕ್ ಮಾಡಿದ್ದೆ. ಏಳು ರಿಜೆಕ್ಟು. ಹುಡುಗರು ಪೂಜೆ ಜೋಶಲ್ಲಿ ಮೆಷಿನ್ನು, ಸ್ಪ್ಯಾನರ್ರು, ನನ್ ಚಪ್ಪಲೀನೂ ಬಿಡ್ದಂಗೆ ಕುಂಕುಮ ಹಚ್ಚಿದ್ರು. ಒಳ್ಳೇ ಪೀಸಿನ ತಟ್ಟೆಗೂ ಹಚ್ಚಿದ್ರು." ಮುನಿಯಣ್ಣ ನಗೋಕೆ ನೋಡಿದ್ರು, ಆಗ್ಲಿಲ್ಲ. "ಹಬ್ಬ ಮುಗಿಸ್ಕೊಂಡು ಬರ್ತೀನಿ, ಮಾಲು ತಗೊಂಡು ಹೋಗೋ ಆಟೋ ಬಾಗಿಲಲ್ಲಿ ನಿಂತಿದೆ. ಎಲ್ಲಾನೂ ಕೆಂಪು. ಪೇಂಟ್ ಥಿನ್ನರ್ ಬಟ್ಟೇಲಿ ಗಬಗಬ ಒರೆಸಿ ಪ್ಯಾಕ್ ಮಾಡಿ ಕಳಿಸ್ಬಿಟ್ಟೆ. ಆಮೇಲೆ ರಿಜೆಕ್ಟ್ ತಟ್ಟೆ ನೋಡಿದ್ರೆ ಆರೇ ಇದೆ."

ತನ್ಮಯಿಗೆ ಅರ್ಥ ಆಯ್ತು. ಪೂಜೆ ಗಲಾಟೇಲಿ ಒಂದು ಕೆಟ್ಟ ಪೀಸು ಒಳ್ಳೇ ತಟ್ಟೆಗೆ ಬಿದ್ದಿತ್ತು. ಕುಂಕುಮದ ಜೊತೆ ಅದರ ಪೇಂಟೂ ಒರೆಸಿ ಹೋಗಿತ್ತು.

"ಯಾರಿಗಾದ್ರೂ ಹೇಳಿದ್ರಾ?"

"ಶೀಟಲ್ಲಿ ಏಳು ಅಂತಾನೇ ಬರೆದೆ. ಅಂಜನಂಗೂ ಹೇಳಿಲ್ಲ. ಕೂದಲಲ್ಲಿ ಕಾಲು ಭಾಗ ಇಲ್ಲ ಕಣಮ್ಮ ಆ ವ್ಯತ್ಯಾಸ. ಆದ್ರೂ ಎಲ್ಲಾದ್ರೂ ಒಂದು ವಿಮಾನ ಬಿತ್ತು ಅಂದ್ರೆ..." ಚೀಟಿ ಅವಳ ಕೈಗಿಟ್ರು. "ನಿನ್ ಫೋನಲ್ಲಿ ಎಲ್ಲಾ ಸಿಗತ್ತಲ್ಲ. ಇದು ಯಾವುದರದ್ದು ಅಂತ ನೋಡ್ತೀಯಾ? ರೆಕ್ಕೇದಾ, ಚಕ್ರದ್ದಾ?"

ಅವ್ರು ಹೋಗಿ ಹತ್ತು ನಿಮಿಷ ಆಗಿರ್ಲಿಲ್ಲ, ಸಿಕ್ಬಿಡ್ತು. ಹಳೇ ವಿಮಾನದ ಬಿಡಿ ಭಾಗ ಮಾರೋ ವೆಬ್‌ಸೈಟಲ್ಲಿ ಅದೇ ನಂಬರು, ಅದೇ ಅಕ್ಷರ, ಪಕ್ಕದಲ್ಲಿ ಫೋಟೋ. ದೊಡ್ಡ ಪ್ಯಾಸೆಂಜರ್ ವಿಮಾನದ ಸೀಟಿನ ಹಿಂದೆ ಊಟ ಇಡೋಕೆ ಒಂದು ಮಡಚೋ ಹಲಗೆ ಇರತ್ತಲ್ಲ, ಅದರ ಕೀಲಿಗೆ ಹಾಕೋ ಬುಷ್. ತೂತು ಒಂಚೂರು ದೊಡ್ಡದಾದ್ರೆ ಹಲಗೆ ಲಟಲಟ ಅಂತ ಅಲ್ಲಾಡತ್ತೆ. ಅಷ್ಟೇ. ಯಾರದೋ ಕಾಫಿ ತುಳುಕಿರಬಹುದು.

ತನ್ಮಯಿ ಒಬ್ಬಳೇ ಬಿದ್ದು ಬಿದ್ದು ನಕ್ಲು. ಚಪ್ಪಲಿ ಹಾಕೊಂಡ್ಲು, ಬಾಗಿಲು ತೆಗೆದ್ಲು, ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಲು. ಅಲ್ಲೇ ನಿಂತ್ಲು.

ಹೇಳಿದ್ಮೇಲೆ ಅವ್ರು ಯಾಕೆ ಬರ್ತಾರೆ?

ಗೆರೆ ಮೇಲೆ ಹೋದ್ರೇನು ಕೆಳಗೆ ಹೋದ್ರೇನು, ಅವ್ರಿಗೆ ಏನಾಗ್ಬೇಕು? ಟಿವೀಲಿ ಏನು ಬಿದ್ರೂ ಅವ್ರದ್ದಲ್ಲ. ಸೌಂದರ್ಯಾ ಹೋದ್ಮೇಲೆ ಈ ರೂಮಿನ ಬೆಲ್ಲು ಬಾರಿಸೋ ಬೆರಳು ಅಂತ ಇರೋದು ಒಂದೇ.

'ನಾಳೆ ಹೇಳಿದ್ರಾಯ್ತು,' ಅಂದ್ಕೊಂಡ್ಲು. ಮಾರನೇ ದಿನ ಮುನಿಯಣ್ಣ ಬಂದು "ಸಿಕ್ತೇನಮ್ಮಾ?" ಅಂದಾಗ "ಹುಡುಕ್ತಾ ಇದೀನಿ ಅಂಕಲ್" ಅಂದ್ಲು. ಅವ್ರು ಟೀ ಬಗ್ಗಿಸಿದ್ರು. ಹಿಂಗೇ ಒಂಬತ್ತು ದಿನ. ಆ ಒಂಬತ್ತೂ ದಿನ ಅವ್ರು ಬಂದ್ರು. ಇಡೀ ವರ್ಷದಲ್ಲಿ ತನ್ಮಯಿ ಒಂಟಿ ಅನ್ನಿಸ್ದೇ ಇದ್ದಿದ್ದು ಆ ಒಂಬತ್ತು ದಿನ, ಸರಿಯಾಗಿ ನಿದ್ದೆ ಮಾಡ್ದೇ ಇದ್ದಿದ್ದೂ ಅದೇ ಒಂಬತ್ತು ದಿನ.

ಹತ್ತನೇ ದಿನ ಮಧ್ಯಾಹ್ನ ಬೆಲ್ಲು ಬಿಡದಂಗೆ ಒಂದೇ ಸಮ ಬಡ್ಕೊಂತು. ಮುನಿಯಣ್ಣ ಬರಿಗಾಲಲ್ಲಿ ನಿಂತಿದ್ರು. ಫ್ಲಾಸ್ಕ್ ಕೈಯಲ್ಲಿತ್ತು.

"ಇನ್ನೊಂದು ಬಿತ್ತಮ್ಮ. ಈಗ್ತಾನೆ. ಸಣ್ಣ ವಿಮಾನ, ಐದು ಜನ, ಯಾರೋ ಕಂಪನಿಯೋರು. ಒಂದು ಹೆಂಗಸು ಏರ್‌ಪೋರ್ಟಲ್ಲಿ ನೆಲದ ಮೇಲೆ ಕೂತ್ಕೊಂಡು ಅಳ್ತಾವ್ಳೆ. ಇಳಿಯೋವಾಗ ಏನೋ ಕಿತ್ತೋಯ್ತು ಅಂತಾವ್ರೆ. ಏನು ಕಿತ್ತೋಯ್ತು? ಏನು ಅಂತ ಹೇಳ್ತಿಲ್ಲ!"

"ಅಂಕಲ್, ಕೂತ್ಕೊಳಿ. ಅದು ಬಿಸಿನೆಸ್ ಜೆಟ್ಟು. ಅದರಲ್ಲಿ ನಿಮ್ ಪೀಸು ಇರಲ್ಲ, ನಿಮ್ದು ದೊಡ್ಡ ವಿಮಾನದ..."

ಬಾಯಿಂದ ಜಾರೇ ಹೋಯ್ತು.

ಮುನಿಯಣ್ಣ ಕೂತ್ಕೊಳ್ಲಿಲ್ಲ. "ನಿಂಗ್ ಹೆಂಗೆ ಗೊತ್ತು?"

ಅವಳು ಫೋನಲ್ಲಿ ಆ ಫೋಟೋ ತೆಗೆದು ಕೊಟ್ಲು. ಅವ್ರು ಫ್ಲಾಸ್ಕ್ ಕೆಳಗಿಟ್ಟು ಜೇಬಿಂದ ಕನ್ನಡಕ ತೆಗೆದ್ರು, ಫೋನನ್ನ ಹತ್ರ ಹಿಡಿದ್ರು, ದೂರ ಹಿಡಿದ್ರು.

"ಇದು... ಊಟದ ಹಲಗೇನಾ?"

"ಹೌದು ಅಂಕಲ್. ಅದು ಸಡಿಲ ಇದ್ರೆ ಅಲ್ಲಾಡತ್ತೆ ಅಷ್ಟೇ. ಯಾರಿಗೂ ಏನೂ ಆಗಲ್ಲ. ಯಾರಿಗೂ ಏನೂ ಆಗಿಲ್ಲ."

"ಇದಕ್ಕಾ ನಾನು ಉಸಿರು ಬಿಗಿಹಿಡ್ಕೊಂಡು ಗೇಜ್ ಹಾಕ್ತಿದ್ದೆ?" ಅಂದ್ರು. ನಗು ಬಂತು ಅವ್ರಿಗೆ, ಕೆಮ್ಮಿನ ಥರ. ನಗ್ತಾ ನಗ್ತಾ ಗೋಡೆ ಹಿಡ್ಕೊಂಡ್ರು. ಆಮೇಲೆ ಅಂಗಿ ತೋಳಲ್ಲಿ ಕಣ್ಣು ಒರೆಸ್ಕೊಂಡು, ತುಂಬಾ ಮೆತ್ತಗೆ ಕೇಳಿದ್ರು. "ಯಾವತ್ತು ಸಿಕ್ತು?"

ಸುಳ್ಳು ಹೇಳಬಹುದಿತ್ತು. ಈಗ್ತಾನೆ ಅಂದಿದ್ರೆ ನಂಬ್ತಿದ್ರು.

"ಚೀಟಿ ಕೊಟ್ಟಿದ್ದಿನಾನೇ ಅಂಕಲ್."

ಮುನಿಯಣ್ಣ ಬೆರಳು ಮಡಿಸಿ ಎಣಿಸಿದ್ರು. ಚೆಕ್ಕರ್ ಅಲ್ವಾ, ಎಣಿಸದೇ ಇರೋಕಾಗಲ್ಲ. ಎಣಿಸಿ ಮುಗಿದ ಮೇಲೆ ಯಾಕೆ ಅಂತ ಅವಳ ಮುಖ ನೋಡಿದ್ರು. ಅವಳು ಖಾಲಿ ಮಂಚ ನೋಡಿದ್ಲು. ಅವ್ರೂ ಅದನ್ನೇ ನೋಡಿದ್ರು. ಏನು ಅರ್ಥ ಆಯ್ತೋ, ಏನು ಆಗ್ಲಿಲ್ವೋ, "ಸರಿ ಕಣಮ್ಮ," ಅಂದು ತಿರುಗಿ ಹೋದ್ರು. ಹದಿನೆಂಟು ಮೆಟ್ಟಿಲು. ಫ್ಲಾಸ್ಕ್ ಇಲ್ಲೇ ಬಿಟ್ಟಿದ್ರು.

ಮಾರನೇ ದಿನ ಬೆಲ್ಲಾಗ್ಲಿಲ್ಲ. ಅದರ ಮಾರನೇ ದಿನಾನೂ ಇಲ್ಲ. ಸೆಮಿನಾರ್ ಮುಗೀತು. ಗ್ರಾಫ್ ಚೆನ್ನಾಗಿದೆ ಅಂದ್ರು ಸಾರ್. "ಎನಿ ಕ್ವೆಶ್ಚನ್ಸ್?" ಅಂತ ತನ್ಮಯಿ ಕೇಳಿದ್ರೆ ಹಿಂದಿನ ಬೆಂಚಿಂದ ಯಾವನೋ "ಲಂಚ್ ಎಷ್ಟೊತ್ತಿಗೆ ಗುರೂ?" ಅಂದ, ಎಲ್ಲರೂ ನಕ್ರು. ಬಿಡಿ ಭಾಗದಿಂದ ಎಷ್ಟು ಅಂತ ಯಾರೂ ಕೇಳ್ಲಿಲ್ಲ. ವಾಪಸ್ ಬರೋವಾಗ ಬಸ್ಸಲ್ಲಿ ಒಂದು ಸುದ್ದಿ ಕಾಣಿಸ್ತು, ಎಲ್ಲೋ ಒಂದು ವಿಮಾನ ಟೈರ್ ಒಡೆದು ರನ್‌ವೇ ಮೇಲೇ ನಿಂತಿದೆ, ಯಾರಿಗೂ ಏಟಿಲ್ಲ. ರೂಮಿಗೆ ಬಂದು ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತ್ಲು. ಕತ್ತಲಾಗೋವರೆಗೂ ಕೂತ್ಲು. ಮೇಲೆ ಟಿವಿ ಸದ್ದೂ ಇರ್ಲಿಲ್ಲ. ಕೋಪನಾ ಅವ್ರಿಗೆ? ಹುಷಾರಿಲ್ವಾ?

ಭಾನುವಾರ ಮಧ್ಯಾಹ್ನ ಫ್ಲಾಸ್ಕ್ ತೊಳೆದು ಒರೆಸಿ ತಗೊಂಡು ಮೆಟ್ಟಿಲು ಹತ್ತಿದ್ಲು. ಎಂಟನೇ ಮೆಟ್ಟಿಲಲ್ಲಿ ಹೊಳೀತು, ಇಷ್ಟು ತಿಂಗಳಲ್ಲಿ ಒಂದ್ಸಲಾನೂ ತಾನಾಗಿ ಇಲ್ಲಿಗೆ ಹತ್ತಿಲ್ಲ. ಬರೋದೆಲ್ಲಾ ಅವ್ರದ್ದೇ ಪಾಲು, ಕಾಯೋದು ಮಾತ್ರ ತನ್ನದು ಅಂದ್ಕೊಂಡುಬಿಟ್ಟಿದ್ಲು.

ಬಾಗಿಲು ತೆಗೆದೇ ಇತ್ತು. ಅಂಜನಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸ್ತಿದ್ರು. ತುಟಿ ಮೇಲೆ ಬೆರಳಿಟ್ಟು ಒಳಗೆ ತೋರಿಸಿದ್ರು. ಟಿವಿ ಆಫ್ ಆಗಿತ್ತು. ಮುನಿಯಣ್ಣ ಚಾಪೆ ಮೇಲೆ ಬಾಯಿ ತಕ್ಕೊಂಡು ಮಲಗಿದ್ರು, ಒಂದು ಕೈ ಆ ಕಡೆ, ಒಂದು ಕೈ ಈ ಕಡೆ, ಚಿಕ್ಕ ಮಕ್ಕಳ ಹಂಗೆ.

"ಒಂದ್ ವಾರದಿಂದ ಹಿಂಗೇ ಕಣಮ್ಮ," ಅಂದ್ರು ಅಂಜನಮ್ಮ ಪಿಸುಗುಟ್ಕೊಂಡು. "ಉಂಡ ತಕ್ಷಣ ಬಿದ್ಕೊಂಡ್ರೆ ಸಾಯಂಕಾಲ ನಾನು ಬಂದ್ಮೇಲೇ ಏಳೋದು. ರಾತ್ರೀನೂ ನಿದ್ದೆ. ಎಷ್ಟು ವರ್ಷ ಆಯ್ತೋ ಈ ಮನುಷ್ಯ ಹಿಂಗ್ ಮಲಗಿ. ಡಾಕ್ಟ್ರಿಗೆ ತೋರಿಸ್ಬೇಕಾ ಅಂತ ಯೋಚ್ನೆ ಮಾಡ್ತಿದೀನಿ."

"ಬೇಡ ಆಂಟಿ. ಮಲಗ್ಲಿ ಬಿಡಿ."

"ಏನಾದ್ರೂ ಹೇಳ್ಬೇಕಿತ್ತಾ? ಎಬ್ಬಿಸ್ಲಾ?"

"ಅಯ್ಯೋ, ಏನಿಲ್ಲ. ಫ್ಲಾಸ್ಕ್ ಕೊಡೋಕೆ ಬಂದೆ."

ಅಂಜನಮ್ಮ ಮಡಿಲಿಗೆ ಒಂದು ಹಿಡಿ ಅವರೆಕಾಯಿ ಹಾಕ್ಕೊಂಡು ಫ್ಲಾಸ್ಕ್ ಈಸ್ಕೊಂಡ್ರು. ತಿರುಗಿಸಿ ನೋಡಿದ್ರು. "ಇದರ ಮುಚ್ಚಳ ಎಲ್ಲಮ್ಮಾ?"

ತನ್ಮಯಿ ಕೈ ನೋಡ್ಕೊಂಡ್ಲು. ಮುಚ್ಚಳ ಕೆಳಗೇ ಉಳಿದಿತ್ತು, ಅವಳು ಟೀ ಕುಡೀತಿದ್ದ ಮುಚ್ಚಳ, ಖಾಲಿ ಮಂಚದ ಮೇಲೆ ಒಣಗಲಿ ಅಂತ ಬೋರಲು ಹಾಕಿದ್ದು. ಮರೆತು ಬಂದ್ಲಾ, ಬಿಟ್ಟು ಬಂದ್ಲಾ, ಅವಳಿಗೇ ಸರಿಯಾಗಿ ಗೊತ್ತಾಗ್ಲಿಲ್ಲ.

"ಕೆಳಗಿದೆ ಆಂಟಿ," ಅಂದ್ಲು. "ಅಂಕಲ್ ಎದ್ಮೇಲೆ... ನಾನೇ ತಂದ್ಕೊಡ್ತೀನಿ."